ಮೂರು ಚೀಲ ತರಗೆಲೆ

ಇರ್ಮೆಲಾ ಒಳಗೆ ಬಂದವಳೇ ನಮಸ್ಕಾರವನ್ನೂ ಹೇಳದೆ ನಮ್ಮ ಮೇಸ್ತ್ರಮ್ಮನ ಕರಿ ಕೋಟಿನ ಹಿತ್ತಾಳೆ ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚಿಮಣಿ ಗುಡಿಸುವವರ ಗುಂಡಿ ಮುಟ್ಟಿದರೆ ಒಳ್ಳೆಯದಾಗುತ್ತದೆಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಬೀದಿಯಲ್ಲಿ ಎದುರಾದ ಮದುಮಕ್ಕಳು ಮುಟ್ಟಿ ನಗುತ್ತಾ ಹೋಗುವುದುಂಟು. ಇರ್ಮೆಲಾ ನಗಲಿಲ್ಲ, ಗುಂಡಿಯನ್ನು ಬಿಡಲೂ ಇಲ್ಲ.

"ಇವತ್ತು ಮಧ್ಯಾಹ್ನ ಮೂರು ಗಂಟೆಗೆ ನನ್ನ ಕತೆ ಮುಗೀತು, ಮೇಸ್ತ್ರಮ್ಮ."

"ಗುಂಡಿ ಕಿತ್ತು ಬರುತ್ತೆ, ಬಿಡು ಮಾರಾಯ್ತಿ. ಕೂತ್ಕೊಂಡು ಹೇಳು."

ತೊಂಬತ್ತೇಳರ ಅಕ್ಟೋಬರ್, ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಹೊರಗೆ ಗಾಳಿ ಕಿಟಕಿಯನ್ನು ಹಿಡಿದು ಅಲ್ಲಾಡಿಸುತ್ತಿತ್ತು. ನಾನು ಏಣಿಯನ್ನು ಹೆಗಲಿಗೇರಿಸಿ ಹೊರಡಲು ನಿಂತಿದ್ದೆ. ಇಳಿಸುವುದೋ ಬೇಡವೋ ತಿಳಿಯದೆ ಹಾಗೆಯೇ ಚಡಪಡಿಸಿದೆ. ಕೆಲಸ ನಿಂತರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ನಾನು ಗೆಬ್‌ಹಾರ್ಟ್, ಇಪ್ಪತ್ತೆರಡು ವರ್ಷಗಳಿಂದ ವಾಲ್ಬುರ್ಗಾ ಷ್ಟೀಗೆಲೆಯವರ ಏಣಿ ಮತ್ತು ಕುಂಚ ಹೊತ್ತವನು. ಅವರು ನಮ್ಮ ಶ್ವಾಬಿಯಾ ಕಣಿವೆಯ ಚಿಮಣಿ ಮೇಸ್ತ್ರಿ. ಪ್ರತಿ ಮನೆಯ ಬಾಯ್ಲರಿನ ಹೊಗೆ ಅಳೆದು ಬರೆಯುವುದು ಅವರ ಕೆಲಸ, ಆ ಮನೆಯವರನ್ನು ಅಳೆಯುವುದು ಅವರ ಚಟ. ಪೊಲೀಸರು ಕೈಬಿಟ್ಟ ನಾಲ್ಕು ಪ್ರಕರಣಗಳನ್ನು ಆ ಚಟವೇ ಬಿಡಿಸಿತ್ತು.

ಇರ್ಮೆಲಾ ಗಿರಣಿ ಓಣಿಯ ಹೊಗೆ ಪರೀಕ್ಷಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕಾರು ಓಡಿಸುವವಳು. ಅಲ್ಲಿ ಕಾರನ್ನು ದೊಡ್ಡ ಉಕ್ಕಿನ ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಹನ್ನೊಂದು ಕಿಲೋಮೀಟರ್ ಓಡಿಸುತ್ತಾರೆ. ಎದುರಿನ ಪರದೆಯಲ್ಲಿ ಒಂದು ಗೆರೆ ಏರಿಳಿಯುತ್ತದೆ. ಅದು ಏರಿದರೆ ಕಾಲು ಒತ್ತಬೇಕು, ಇಳಿದರೆ ಬಿಡಬೇಕು. ಹೊರಬಂದ ಹೊಗೆಯ ಒಂದು ಪಾಲು ಚೀಲಕ್ಕೆ ಹೋಗುತ್ತದೆ. ಅದನ್ನು ಅಳೆದರೆ ಎಷ್ಟು ಡೀಸೆಲ್ ಸುಟ್ಟಿತೆಂದು ತಿಳಿಯುತ್ತದೆ. ಇನ್ನೊಂದು ಪಾಲು ಅಂಗೈಯಗಲದ ಬಿಳಿ ಸೋಸುಕಾಗದವನ್ನು ಹಾದು, ಮಸಿಯನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಕಾಗದ ಗಾಳಿಯ ತೇವ ಹೀರುವುದರಿಂದ ಕೂಡಲೇ ತೂಗುವಂತಿಲ್ಲ. ಗಾಜಿನ ತಟ್ಟೆಯಲ್ಲಿಟ್ಟು, ತೂಕದ ಕೋಣೆಯಲ್ಲಿ ಎರಡು ದಿನ ಸುಮ್ಮನೆ ಬಿಟ್ಟು ಆಮೇಲೆ ತೂಗಬೇಕು.

"ಶುಕ್ರವಾರ ನಮ್ಮ ಕಣಿವೆ ಕಾರ್ಖಾನೆಯ ಹೊಸ ಡೀಸೆಲ್ ಕಾರು ಓಡಿಸ್ದೆ," ಎಂದಳು ಇರ್ಮೆಲಾ. "ಕಾಗದ ತೆಗೆದು ತಟ್ಟೆಗೆ ಇಟ್ಟವಳು ನಾನೇ. ಸೀದ ರೊಟ್ಟಿ ಹಾಗೆ ಕಪ್ಪಗಿತ್ತು. ಸೋಮವಾರ ಸಾಕ್ಷಿಗಳ ಮುಂದೆ ತೂಗಿದ್ರು. ನಾನು ಬೇರೆ ಕಾರಲ್ಲಿದ್ದೆ. ಮಸಿ ಮಿತಿಯೊಳಗೆ ಇದೆ, ಕಾರು ಪಾಸು ಅಂದ್ರು. ಬುಧವಾರ ಸರ್ಕಾರದವರು ಅದೇ ಕಾರನ್ನ ಬೇರೆ ಕಡೆ ಓಡಿಸಿ ನೋಡಿದ್ರೆ ಮಸಿ ಎರಡೂವರೆ ಪಟ್ಟು!"

"ಅಂದ್ರೆ ನಡುವೆ ಯಾರೋ ಕಾಗದ ಬದಲಾಯಿಸಿದ್ದಾರೆ."

"ಆ ಯಾರೋ ನಾನಂತೆ. ಕೋಣೆಗೆ ಮೂರು ಕೀಲಿ. ಒಂದು ನಮ್ಮ ಮುಖ್ಯಸ್ಥರು ಡಾಕ್ಟರ್ ಫೆಟ್ಸರ್ ಹತ್ರ. ಅವರು ಶುಕ್ರವಾರದಿಂದ ವಿಯೆನ್ನಾ ಸಭೆಲಿದ್ರು, ಐವತ್ತು ಜನ ನೋಡಿದ್ದಾರೆ. ಒಂದು ತೂಕದ ಎಕಾರ್ಟ್ ಹತ್ರ. ಅವನು ತಂಗಿ ಮನೆಗೆ ಅಂತ ಲಿಂಡೌಗೆ ಹೋಗಿದ್ದ. ಮೂರನೇದು ನನ್ನದು. ನಾನು ಎರಡು ದಿನ ಮನೇಲಿ ಒಬ್ಬಳೇ ಜ್ವರ ಅಂತ ಮಲಗಿದ್ದೆ. ಸಾಲದ್ದಕ್ಕೆ ನನ್ನ ತಮ್ಮ ಅದೇ ಕಾರ್ಖಾನೇಲಿ ಕೆಲಸಕ್ಕಿದ್ದಾನೆ. ಮೂರಕ್ಕೆ ಅಧಿಕಾರಿ ಬಂದು ವರದಿಗೆ ಸಹಿ ಹಾಕೋ ನನ್ನ ಹಕ್ಕು ಕಿತ್ಕೊಳ್ತಾರೆ. ಆಮೇಲೆ ಈ ದೇಶದಲ್ಲಿ ಯಾವ ಪರೀಕ್ಷಾಲಯವೂ ನನ್ನನ್ನ ಬಾಗಿಲೊಳಗೆ ಬಿಡಲ್ಲ. ಇಷ್ಟರ ಮಧ್ಯೆ ಸೋಮವಾರ ಬಂದು ನೋಡಿದ್ರೆ ನನ್ನ ಕೋಣೆ ಬಾಗಿಲಿಗೆ ಗುಡಿಸೋ ಸರದಿಯ ಹಲಗೆ ಬೇರೆ ನೇತಾಡ್ತಿತ್ತು! ಕೆಲಸ ಕಿತ್ಕೋತಾರೆ, ಅಂಗಳ ಮಾತ್ರ ನಾನು ಗುಡಿಸ್ಬೇಕು."

ಮೇಸ್ತ್ರಮ್ಮ ಗುಂಡಿಯನ್ನು ತಿರುಗಿಸುತ್ತಾ ಕೋಣೆಯಲ್ಲಿ ಎರಡು ಸುತ್ತು ನಡೆದರು. "ಗೆಬ್, ಪರೀಕ್ಷಾಲಯದ ಬಾಯ್ಲರ್ ಅಳತೆ ಯಾವಾಗ?"

"ಮುಂದಿನ ತಿಂಗಳು."

"ಇವತ್ತೇ. ಚಿಮಣಿಯವರಿಗೆ ಬಾಗಿಲು ಹಾಕೋ ಧೈರ್ಯ ಯಾರಿಗೂ ಇಲ್ಲ."

ಗಿರಣಿ ಓಣಿ ಎಂದರೆ ನನಗೆ ಕೋಪ. ಸೋಮವಾರ ಬೆಳಿಗ್ಗೆ ಅದೇ ಓಣಿಯ ಬೇಕರಿ ಮುಂದೆ ಒದ್ದೆ ಎಲೆಗಳ ಮೇಲೆ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡಿದ್ದೆ. ಬೇಕರಿಗೂ ಪರೀಕ್ಷಾಲಯಕ್ಕೂ ನಡುವಿನ ಗೋಡೆಯ ಬಳಿ ಒಂದು ಭಾರಿ ಲಿಂಡೆನ್ ಮರವಿದೆ. ಶನಿವಾರ ಮಧ್ಯಾಹ್ನದ ಬಿರುಗಾಳಿ ಅದನ್ನು ಒಂದೇ ಗಂಟೆಯಲ್ಲಿ ಬೋಳು ಮಾಡಿತ್ತು. ಅದೇ ಗಾಳಿಗೆ ಯಾರದೋ ಮದುವೆಯ ಚಪ್ಪರ ಹಾರಿ ನದಿಗೆ ಬಿದ್ದದ್ದನ್ನು ಊರೆಲ್ಲ ಇನ್ನೂ ಹೇಳಿಕೊಂಡು ನಗುತ್ತಿತ್ತು. ಬಿದ್ದ ನನ್ನನ್ನು ಮೇಸ್ತ್ರಮ್ಮ ಎಬ್ಬಿಸಿ, ಆಗಷ್ಟೇ ಬಾಗಿಲು ತೆರೆದಿದ್ದ ಪರೀಕ್ಷಾಲಯದ ಅಂಗಳಕ್ಕೆ ಕರೆದೊಯ್ದು ಮೆಟ್ಟಿಲ ಮೇಲೆ ಕೂರಿಸಿದ್ದರು. ನಮ್ಮ ಅಡುಗೆಮನೆಯಷ್ಟು ಚೊಕ್ಕವಾಗಿದ್ದ ಆ ಅಂಗಳದಲ್ಲಿ ಕಾಲು ಚಾಚಿ, ಬೇಕರಿಯವನನ್ನು ಬಾಯಿಗೆ ಬಂದಂತೆ ಬೈದುಕೊಂಡಿದ್ದೆ.

ಇವತ್ತು ಮತ್ತೆ ಗಾಳಿ. ಅಂಗಳದ ಮೂಲೆಗಳಲ್ಲಿ ಬೀದಿಯಿಂದ ಹಾರಿಬಂದ ಎಲೆಗಳು ಸೇರಿಕೊಂಡಿದ್ದವು. ಇರ್ಮೆಲಾಳ ಬಾಗಿಲಿಗೆ ಮೊಳೆಯಲ್ಲಿ ಆ ಮರದ ಹಲಗೆ ನೇತಾಡುತ್ತಿತ್ತು: "ಗುಡಿಸುವ ವಾರ". ನಮ್ಮಲ್ಲಿ ಹಾಗೆಯೇ. ಒಂದೇ ಕಟ್ಟಡದಲ್ಲಿ ಇರುವವರು ಸರದಿಯಂತೆ ವಾರಕ್ಕೊಬ್ಬರು ಅಂಗಳ ಗುಡಿಸಬೇಕು. ಶನಿವಾರದೊಳಗೆ ಮುಗಿಸಿ ಹಲಗೆಯನ್ನು ಮುಂದಿನವರ ಬಾಗಿಲಿಗೆ ಹಾಕಬೇಕು. ಅವರ ವಾರ ಶುರುವಾಗುವುದು ಸೋಮವಾರ. ಹಲಗೆ ಬಂದ ಮೇಲೆ ತಪ್ಪಿಸಿಕೊಂಡವನನ್ನು ಬೀದಿಯೇ ಕ್ಷಮಿಸುವುದಿಲ್ಲ.

ಡಾಕ್ಟರ್ ಫೆಟ್ಸರ್ ಕೈಗಡಿಯಾರ ನೋಡುತ್ತಲೇ ನಮ್ಮನ್ನು ಎದುರುಗೊಂಡರು. "ಬಾಯ್ಲರ್ ಕೆಳಗಿದೆ, ಬೇಗ ಮುಗಿಸಿ. ಇವತ್ತು ನಮ್ಮ ಪರೀಕ್ಷಾಲಯದ ಮಾನ ಹೋಗೋ ದಿನ."

"ಯಾರ ಮಾನ, ಡಾಕ್ಟ್ರೇ?"

"ಆ ಹೆಂಗಸಿನದು. ನನಗೂ ಬೇಜಾರೇ. ಆದ್ರೆ ಮೂರರಲ್ಲಿ ಎರಡು ಕಳೆದ್ರೆ ಒಂದೇ ಅಲ್ವಾ ಉಳಿಯೋದು?"

"ಎರಡು ಕಡೆ ಅಳೆದ ಡೀಸೆಲ್ ಲೆಕ್ಕ ತೋರಿಸ್ತೀರಾ?"

ಅವರು ಗೊಣಗುತ್ತಾ ತೋರಿಸಿದರು. ನೂರು ಕಿಲೋಮೀಟರಿಗೆ ಇಲ್ಲಿ ಐದು ಮುಕ್ಕಾಲು ಲೀಟರ್, ಅಲ್ಲಿಯೂ ಐದು ಮುಕ್ಕಾಲು. ಚೀಲದ ಹೊಗೆಯ ಉಳಿದ ಅಂಕಿಗಳೂ ಅಕ್ಕಪಕ್ಕ ಕೂತ ಅವಳಿಗಳ ಹಾಗೆ ಇದ್ದವು. ಮಸಿ ಒಂದೇ ಬೇರೆ. ಮೇಸ್ತ್ರಮ್ಮ "ಹ್ಞೂಂ" ಎಂದು ತೂಕದ ಕೋಣೆಗೆ ನಡೆದರು.

ಎಕಾರ್ಟ್ ಲೋಖ್ನರ್ ತೆಳ್ಳನೆಯ, ಮೃದು ಮಾತಿನ ಮನುಷ್ಯ. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿದ್ದು ಆಮೇಲೆ ಇಲ್ಲಿಗೆ ಬಂದವನು. ಅವನ ಕೋಣೆಯಲ್ಲಿ ಬೆಣ್ಣೆಯ ಡಬ್ಬಿಗೂ ತಾರೀಕಿನ ಚೀಟಿ ಅಂಟಿಸಿತ್ತು. ಗೋಡೆಯುದ್ದಕ್ಕೂ ಸಣ್ಣ ಖಾನೆಗಳು, ಒಂದೊಂದಕ್ಕೂ ಚೀಟಿ. "ಹರಿದವು", "ನೆಲಕ್ಕೆ ಬಿದ್ದವು", "ಬೆರಳು ತಾಕಿದವು". ಕೆಟ್ಟುಹೋದ ಕಾಗದಗಳನ್ನೂ ಅವನು ತೂಗಿ, ಬರೆದು, ಇಟ್ಟಿದ್ದ.

"ಹರಿದದ್ದನ್ನ ಯಾಕಪ್ಪಾ ಇಟ್ಕೊಂಡಿದ್ದೀಯ?" ಎಂದೆ.

"ತೂಗದೆ ಬಿಸಾಡೋದು ಹೇಗೆ, ಗೆಬ್‌ಹಾರ್ಟ್?" ಎಂದು ಅವನು ನಿಜವಾಗಿಯೂ ಅರ್ಥವಾಗದವನಂತೆ ನನ್ನನ್ನು ನೋಡಿದ.

"ಶುಕ್ರವಾರ ಎಷ್ಟೊತ್ತಿಗೆ ಹೊರಟೆ, ಎಕಾರ್ಟ್?" ಮೇಸ್ತ್ರಮ್ಮ ಹೊಗೆ ಕೊಳವೆಯನ್ನು ತಟ್ಟುತ್ತಾ ಕೇಳಿದರು.

"ಐದು ನಲವತ್ತರ ರೈಲು. ಅಂಗಳ ಗುಡಿಸಿ, ಹಲಗೆ ಇರ್ಮೆಲಾ ಬಾಗಿಲಿಗೆ ಹಾಕಿ ಹೊರಟೆ. ನನ್ನ ವಾರ ಆಗಿತ್ತಲ್ಲ. ಪಾಪ, ಅವಳು... ಹೀಗಾಗಬಾರದಿತ್ತು." ಅವನು ತಕ್ಕಡಿಯ ಗಾಜನ್ನು ಒರೆಸಿದ್ದನ್ನೇ ಮತ್ತೆ ಒರೆಸಿದ.

ಹೊರಗೆ ಬಂದ ಮೇಲೆ ಮೇಸ್ತ್ರಮ್ಮನ ಕಾಲು ಒಂದು ಕಡೆ ನಿಲ್ಲಲಿಲ್ಲ. ಬೇಕರಿಗೆ ಹೋದರು. ನಾನು ಎರಡು ಬನ್ನು ಕೊಳ್ಳುವಷ್ಟರಲ್ಲಿ ಅವರು ಒಂದೇ ಪ್ರಶ್ನೆ ಕೇಳಿ ಮುಗಿಸಿದ್ದರು.

"ನಿಮ್ಮ ಮುಂದಿನ ಎಲೆ ಯಾವಾಗ ಬಿತ್ತು, ಯಾವಾಗ ಗುಡಿಸಿದ್ರಿ?"

ಬೇಕರಿಯವನು ಕೆಂಪಾದ. "ಶುಕ್ರವಾರ ಮರದ ತುಂಬ ಎಲೆ ಇತ್ತು, ಅಮ್ಮ. ಎಲ್ಲಾ ಬಿದ್ದಿದ್ದು ಶನಿವಾರದ ಗಾಳಿಗೆ. ಹಿಟ್ಟಿನ ಕೆಲಸದಲ್ಲಿ ಪುರುಸೊತ್ತಾಗ್ಲಿಲ್ಲ, ಸೋಮವಾರ ಇವರು ಬಿದ್ದ ಮೇಲೆ ಗುಡಿಸ್ದೆ. ಮೊಣಕಾಲು ಹೇಗಿದೆ?"

"ನೆನಪಿಸ್ಬೇಡ," ಎಂದೆ.

ಗಂಟೆ ಎರಡಾಯಿತು, ಎರಡೂವರೆಯಾಯಿತು. ಇರ್ಮೆಲಾ ಮೆಟ್ಟಿಲ ಮೇಲೆ ಕೂತು ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕುತ್ತಿದ್ದಳು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. "ಏನಾದ್ರೂ ಹೊಳೀತಾ, ಮೇಸ್ತ್ರಮ್ಮ?" ಎಂದು ನಾಲ್ಕನೇ ಸಲ ಕೇಳಿದಾಗ ಅವರು ರೇಗಿದರು.

"ಯಾರು ಅಂತ ಗೊತ್ತು. ಆದ್ರೆ ಅಧಿಕಾರಿ ಉತ್ತರದವರು, ಕೀಲ್ ಕಡೆಯವರು, ನಮ್ಮ ಪದ್ಧತಿ ಗೊತ್ತಿಲ್ಲ. ನಾನು ಹೇಳೋದು ಅವರಿಗೆ ಹುಚ್ಚು ಅನ್ಸುತ್ತೆ. ಅವನ ಬಾಯಿಂದಲೇ ಬರ್ಬೇಕು. ಒಂದು ಮಾತು ಕೇಳ್ಕೋ ಗೆಬ್. ಒಳಗೆ ನಾನು ಏನಂದ್ರೂ ನೀನು ತುಟಿ ಬಿಚ್ಚಬಾರದು."

ಮೂರು ಗಂಟೆಗೆ ಸರಿಯಾಗಿ ಅಧಿಕಾರಿ ಟೆಸ್ಮರ್ ಬಂದರು. ಉದ್ದನೆಯ ಮನುಷ್ಯ, ಚರ್ಮದ ಚೀಲ, ಅದರಲ್ಲಿ ಇರ್ಮೆಲಾಳ ಸಹಿ ಹಕ್ಕು ಕಿತ್ತುಕೊಳ್ಳುವ ಆದೇಶ. ಉರುಳೆಗಳಿದ್ದ ದೊಡ್ಡ ಕೋಣೆಯಲ್ಲೇ ಮೇಜು ಹಾಕಿದ್ದರು. ಫೆಟ್ಸರ್, ಎಕಾರ್ಟ್, ಇರ್ಮೆಲಾ ಕೂತರು. ಮೇಸ್ತ್ರಮ್ಮ ಬಾಯ್ಲರ್ ವರದಿ ಕೈಯಲ್ಲಿ ಹಿಡಿದು ಒಳನುಗ್ಗಿದರು. ನಾನು ಹಿಂದೆ.

"ಇವರು ಯಾರು?" ಎಂದರು ಟೆಸ್ಮರ್.

"ಚಿಮಣಿಯವಳು. ಎರಡೇ ನಿಮಿಷ, ಒಂದು ದೂರು ಇದೆ. ಸೋಮವಾರ ಬೆಳಿಗ್ಗೆ ನಮ್ಮ ಗೆಬ್‌ಹಾರ್ಟ್ ಈ ಪರೀಕ್ಷಾಲಯದ ಅಂಗಳದಲ್ಲಿ ಎಲೆ ಮೇಲೆ ಜಾರಿ ಬಿದ್ದ. ಮೊಣಕಾಲು ನೋಡಿ, ಕುಂಬಳಕಾಯಿ! ಕಾಲಿಡೋಕೆ ಜಾಗ ಇಲ್ಲದಷ್ಟು ಎಲೆ. ಹೋದ ವಾರ ಯಾರ ಸರದಿಯೋ ಅವರಿಗೆ ನಾಚಿಕೆ ಆಗ್ಬೇಕು."

ಬಿದ್ದದ್ದು ಬೇಕರಿ ಮುಂದಲ್ಲವೇ ಎಂದು ನಾನು ಬಾಯಿ ತೆರೆದೆ. ಮೇಸ್ತ್ರಮ್ಮನ ಬೂಟು ನನ್ನ ಪಾದದ ಮೇಲೆ ಭಾರವಾಗಿ ಕೂತಿತು. ಬಾಯಿ ಮುಚ್ಚಿದೆ.

ಎಕಾರ್ಟ್ ಮೊದಲು ನೆಲ ನೋಡಿದ. ಆಮೇಲೆ ಅವನ ಕಿವಿ ಕೆಂಪಾಯಿತು.

"ಈ ಅಂಗಳದಲ್ಲಿ ಎಲೆ ಇರಲಿಲ್ಲ," ಎಂದ ಮೆಲ್ಲಗೆ.

"ಇತ್ತಪ್ಪಾ. ಮೊಣಕಾಲುದ್ದ. ಹಲಗೆ ದಾಟಿಸಿಬಿಟ್ಟರೆ ಮುಗೀತು ಅನ್ಕೊಂಡೋರು ಕೆಲವರು ಇರ್ತಾರೆ. ಗುಡಿಸದೇನೇ ಹಲಗೆ ದಾಟಿಸೋರು."

"ಗುಡಿಸದೇನೇ?" ಅವನು ಎದ್ದೇ ಬಿಟ್ಟ. "ನಾನಾ? ಇಲ್ಲಿಗೆ ಬಂದಾಗಿನಿಂದ ಒಂದು ವಾರ ತಪ್ಪಿಸಿಲ್ಲ! ಮೂಲೆ ಮೂಲೆ ಕೆರೆದು ಗುಡಿಸಿದ್ದೀನಿ! ಆ ಮರದಲ್ಲಿ ಒಂದೆಲೆ ಉಳಿದಿರಲಿಲ್ಲ, ಎಲ್ಲಾ ನೆಲದ ಮೇಲಿತ್ತು. ಮೂರು ಚೀಲ, ಮೂರು ಚೀಲ ತುಂಬಿಸಿ ಕಟ್ಟಿಟ್ಟಿದ್ದೀನಿ!"

"ಯಾವಾಗ?" ಎಂದರು ಮೇಸ್ತ್ರಮ್ಮ, ತೀರ ಮೆತ್ತಗೆ.

ಅವನು ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕೂತ. ಗಾಳಿ ಕೋಣೆಯ ತಗಡಿನ ಬಾಗಿಲನ್ನು ಬಡಿಯಿತು. ಇರ್ಮೆಲಾ ನಿಧಾನವಾಗಿ ಅವನ ಕಡೆ ತಿರುಗಿದಳು. ನನಗಿಂತ ಮೊದಲು ಅವಳಿಗೆ ಅರ್ಥವಾಗಿತ್ತು.

"ನನಗೇನೂ ತಿಳೀತಾ ಇಲ್ಲ," ಎಂದರು ಟೆಸ್ಮರ್. "ಎಲೆಗೂ ಮಸಿಗೂ ಏನು ಸಂಬಂಧ?"

"ಹೇಳ್ತೀನಿ, ಸರ್. ಮೊದಲು ಕ್ಷಮಿಸಿ, ಗೆಬ್ ಬಿದ್ದದ್ದು ಬೇಕರಿ ಮುಂದೆ. ಈ ಅಂಗಳದಲ್ಲಿ ಅವನನ್ನ ಕೂರಿಸಿ ಕಾಲು ತಿಕ್ಕಿದ್ದು ನಾನೇ, ಕನ್ನಡಿ ಹಾಗಿತ್ತು." ಅವರು ಮೇಜಿನ ಸುತ್ತ ನಡೆಯತೊಡಗಿದರು. "ನಿಮ್ಮ ಎರಡೂ ಪರೀಕ್ಷೇಲಿ ಡೀಸೆಲ್ ಲೆಕ್ಕ ಒಂದೇ. ಇರ್ಮೆಲಾ ಕಾಲಲ್ಲಿ ಮೋಸ ಮಾಡಿ ಮೆಲ್ಲಗೆ ಓಡಿಸಿದ್ರೆ ಡೀಸೆಲ್ಲೂ ಕಮ್ಮಿ ಆಗ್ಬೇಕಿತ್ತು. ಆಗಿಲ್ಲ. ಅಂದ್ರೆ ಕಾರೂ ಸುಳ್ಳು ಹೇಳಿಲ್ಲ, ಅವಳ ಕಾಲೂ ಹೇಳಿಲ್ಲ. ಸುಳ್ಳು ಹೇಳಿದ್ದು ತಟ್ಟೆಯಲ್ಲಿದ್ದ ಕಾಗದ ಒಂದೇ."

"ಅದು ನಮಗೂ ಗೊತ್ತು. ಬದಲಾಯಿಸಿದ್ದು ಕೀಲಿ ಇದ್ದ ಇವರು," ಎಂದರು ಫೆಟ್ಸರ್.

"ಹಾಗಾದ್ರೆ ವಾರದ ಕೊನೇಲಿ ಇಲ್ಲಿಗೆ ಬಂದವರು ಯಾರು ಅಂತ ಹುಡುಕ್ಬೇಕು ಅಲ್ವಾ, ಡಾಕ್ಟ್ರೇ? ಎಲೆ ಬಿದ್ದದ್ದು ಶನಿವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಅಂಗಳ ಚೊಕ್ಕ. ನಡುವೆ ಒಬ್ಬರು ಬಂದು ಗುಡಿಸಿದ್ದಾರೆ. ಗಾಳಿ ಹೊತ್ಕೊಂಡು ಹೋಯ್ತು ಅನ್ಬೇಡಿ. ಇವತ್ತು ಗಾಳಿ ಏನು ಮಾಡ್ತಿದೆ ಅಂತ ಹೊರಗೆ ನೋಡಿ, ತಂದು ತುಂಬ್ತಿದೆ."

"ಈಕೆಯೇ ಗುಡಿಸಿರಬಹುದು," ಎಂದರು ಟೆಸ್ಮರ್.

ನಾವೆಲ್ಲರೂ, ಫೆಟ್ಸರ್ ಕೂಡ, ಅವರನ್ನು ಮರುಕದಿಂದ ನೋಡಿದೆವು.

"ಸರ್, ನಮ್ಮ ಕಡೆ ಇನ್ನೊಬ್ಬರ ವಾರದಲ್ಲಿ ಪೊರಕೆ ಹಿಡಿದ್ರೆ ಅವರ ಕೆನ್ನೆಗೆ ಹೊಡೆದ ಹಾಗೆ," ಎಂದರು ಮೇಸ್ತ್ರಮ್ಮ. "ಕಳ್ಳತನಕ್ಕೆ ಬಂದವಳು ಪಕ್ಕದವನ ಪಾಲಿನ ಎಲೆ ಗುಡಿಸ್ತಾಳಾ? ಆದ್ರೆ ತನ್ನದೇ ವಾರ ಆದವನು? ಶುಕ್ರವಾರ ಗುಡಿಸಿದ್ದ, ನಿಜ. ಶನಿವಾರ ಕದ್ದು ಬರ್ತಾನೆ, ಕಾಗದ ಬದಲಾಯಿಸ್ತಾನೆ, ಹೊರಗೆ ನೋಡಿದ್ರೆ ಅಂಗಳ ತುಂಬ ಎಲೆ. ಅವನ ವಾರ ಇನ್ನೂ ಮುಗಿದಿಲ್ಲ. ಓಡಿಹೋಗ್ಬೇಕು ಅಂತ ತಲೆ ಹೇಳುತ್ತೆ. ಕೈ ಮಾತ್ರ ಪೊರಕೆಗೆ ಹೋಗುತ್ತೆ. ಅವನ ಬಾಯಲ್ಲೇ ಕೇಳಿದ್ರಲ್ಲ, ಮೂರು ಚೀಲ. ಶುಕ್ರವಾರ ಮರದಲ್ಲಿದ್ದ ಎಲೆನ ಅವನು ಚೀಲಕ್ಕೆ ತುಂಬಿಸಿದ್ದು ಹೇಗೆ?"

"ಇದೆಲ್ಲ ಮಾತು. ಪುರಾವೆ ಬೇಕು," ಎಂದರು ಟೆಸ್ಮರ್, ಆದರೆ ಅವರ ಕೈ ಚರ್ಮದ ಚೀಲದಿಂದ ಹೊರಬಂದಿತ್ತು.

"ಆ ಕರಿ ಕಾಗದ ಇಲ್ಲೇ ಇದೆ. ಅಂಗಳ ಬಿಟ್ಟು ಹೋಗೋಕೆ ಆಗದವನಿಗೆ ಕಾಗದ ಬಿಸಾಡೋಕೆ ಆಗುತ್ತಾ? ಎಕಾರ್ಟ್, ಯಾವ ಖಾನೆ? 'ಹರಿದವು' ಅನ್ನೋದಾ?"

"'ಬೆರಳು ತಾಕಿದವು'," ಎಂದ ಎಕಾರ್ಟ್.

ಅವನೇ ಹೋಗಿ ತಂದ. ಗಾಜಿನ ತಟ್ಟೆಯಲ್ಲಿ ಸೀದ ರೊಟ್ಟಿಯಂಥ ಕಾಗದ. ಮುಚ್ಚಳದ ಮೇಲೆ ಅವನ ಅಚ್ಚುಕಟ್ಟಾದ ಅಕ್ಷರದಲ್ಲಿ ಕಾರಿನ ಸಂಖ್ಯೆ, ತಾರೀಕು, ತೂಕ. ಟೆಸ್ಮರ್ ತಮ್ಮ ವರದಿಯ ಅಂಕಿಯೊಂದಿಗೆ ಹೋಲಿಸಿ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ.

"ಹಳೇ ಕಾರೊಂದರ ಕಾಗದ ಇಟ್ಟೆ," ಎಂದ ಎಕಾರ್ಟ್. "ಬರೀ ಅಂಕಿ ತಿದ್ದೋಣ ಅಂದ್ರೆ ಸೋಮವಾರ ಸಾಕ್ಷಿಗಳು ತಕ್ಕಡಿ ನೋಡ್ತಾ ನಿಂತಿರ್ತಾರೆ. ಈ ಕಾರು ಫೇಲಾದ್ರೆ ಕಾರ್ಖಾನೆ ಮುಚ್ತಾರಂತೆ. ಇಪ್ಪತ್ತು ವರ್ಷ ಅಲ್ಲಿ ಊಟ ಮಾಡಿದ್ದೀನಿ. ನಾಲ್ಕು ನೂರು ಮನೆ... ನಿನ್ನ ತಮ್ಮನದೂ ಸೇರಿ, ಇರ್ಮೆಲಾ. ಶನಿವಾರ ಸಂಜೆ ರೈಲಿಗೆ ಲಿಂಡೌಗೆ ಹೋದೆ. ಯಾರಾದ್ರೂ ಕೇಳಿದ್ರೆ ಶುಕ್ರವಾರವೇ ಬಂದೆ ಅನ್ನು ಅಂತ ತಂಗಿಗೆ ಹೇಳಿದ್ದೆ. ನಿನ್ನ ತಲೆಗೆ ಬರುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ."

ಇಲ್ಲಿಯವರೆಗೆ ನನಗೆ ಅವನ ಮೇಲೆ ಸ್ವಲ್ಪ ಕನಿಕರವಿತ್ತು, ಸುಳ್ಳು ಹೇಳುವುದಿಲ್ಲ. ಇರ್ಮೆಲಾ ಎದ್ದು ಅವನೆದುರು ನಿಂತಳು.

"ಬಂದ ಮೇಲೆ? ನಿನ್ನೆ ನನ್ನನ್ನ ಕಳ್ಳಿ ಅಂದಾಗ ನೀನು ಪಕ್ಕದಲ್ಲೇ ಕೂತಿದ್ದೆ. ಇವತ್ತು ಬೆಳಿಗ್ಗೆಯಿಂದ ಇಲ್ಲೇ ಇದ್ದೆ. ಅಂಗಳದಲ್ಲಿ ಎಲೆ ಬಿದ್ರೆ ನಿನಗೆ ತಡೆಯೋಕಾಗಲ್ಲ, ಪೊರಕೆ ಸಿಗುತ್ತೆ. ನನ್ನ ಹೆಸರಿನ ಮೇಲೆ ಹೊಲಸು ಬಿದ್ದಾಗ ಸಿಗಲಿಲ್ವಾ, ಎಕಾರ್ಟ್?"

ಎಕಾರ್ಟ್ ತನ್ನ ಕೀಲಿಯನ್ನು ಮೇಜಿನ ಮೇಲಿಟ್ಟು, ಟೆಸ್ಮರ್ ಜೊತೆ ನಡೆದ. ಅಂಗಳ ದಾಟುವಾಗ ಮೂಲೆಯ ಎಲೆಗಳನ್ನು ಒಮ್ಮೆ ನೋಡಿ ತಲೆ ತಿರುಗಿಸಿಕೊಂಡ. ಟೆಸ್ಮರ್ ಹೊರಡುವ ಮುನ್ನ ತಾವು ತಂದಿದ್ದ ಆದೇಶವನ್ನು ಇರ್ಮೆಲಾಳ ಎದುರಲ್ಲೇ ನಾಲ್ಕು ಚೂರು ಮಾಡಿ ಕ್ಷಮೆ ಕೇಳಿದ್ದರು. ಡಾಕ್ಟರ್ ಫೆಟ್ಸರ್ ಮಾತ್ರ ಕೈಗಡಿಯಾರ ನೋಡುತ್ತಾ ನಿಂತಿದ್ದರು.

"ಇರ್ಮೆಲಾ, ನಾನು ಬರೀ ಲೆಕ್ಕದ ಪ್ರಕಾರ..." ಎಂದು ಶುರುಮಾಡಿದರು.

ಅವಳು ಪೂರ್ತಿ ಕೇಳಲಿಲ್ಲ. ತನ್ನ ಬಾಗಿಲ ಮೊಳೆಯಿಂದ ಹಲಗೆ ತೆಗೆದಳು, ನಡೆದು ಹೋಗಿ ಫೆಟ್ಸರ್ ಬಾಗಿಲಿಗೆ ತೂಗುಹಾಕಿದಳು. ಗುಡಿಸದೇನೇ ಹಲಗೆ ದಾಟಿಸಿದ್ದನ್ನು ನಾನು ನಮ್ಮೂರಲ್ಲಿ ನೋಡಿದ್ದು ಅದೊಂದೇ ಸಲ.

ಫೆಟ್ಸರ್ ಸರದಿ ಬಂದಾಗಲೆಲ್ಲ ಅವರ ಹೆಂಡತಿ ಬಂದು ಗುಡಿಸಿ ಹೋಗುತ್ತಿದ್ದರು. ಆ ಶನಿವಾರ ನಾನು ಮೇಸ್ತ್ರಮ್ಮನೊಂದಿಗೆ ಬೇಕರಿಯ ಚಿಮಣಿ ಮೇಲಿದ್ದೆ. ಕೆಳಗೆ ಪರೀಕ್ಷಾಲಯದ ಅಂಗಳದಲ್ಲಿ ಡಾಕ್ಟರ್ ಫೆಟ್ಸರ್ ಸೂಟು ತೊಟ್ಟು, ಪೊರಕೆಯನ್ನು ಸೌಟಿನಂತೆ ಹಿಡಿದು, ಎಲೆಗಳನ್ನು ಅತ್ತಿಂದಿತ್ತ ಓಡಿಸುತ್ತಿದ್ದರು. ಗಾಳಿ ಅವರು ಕೂಡಿಸಿದ್ದನ್ನು ಮತ್ತೆ ಹರಡುತ್ತಿತ್ತು. ಇರ್ಮೆಲಾ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತಿದ್ದಳು.

"ಆ ಮೂಲೆ ಬಿಟ್ಟಿದ್ದೀರಿ, ಡಾಕ್ಟ್ರೇ," ಎಂದಳು.

ಅವರು ಪೊರಕೆ ಎಳೆದುಕೊಂಡು ಮೂಲೆಗೆ ಹೋದರು.